ಎಪ್ಪತ್ತು ಮೈಲಿಯ ನಡುಬೀದಿ

ಕೊಳ್ಳೇಗಾಲದ ಹಳೇ ಪೇಟೆಯ ನಡುಬೀದಿಯ ಉದ್ದ, 1963ನೆಯ ಇಸವಿಯ ಅಂತ್ಯದ ದಾಖಲೆಯಂತೆ, ಎಪ್ಪತ್ತು ಮೈಲಿ. ಅದರಲ್ಲಿ ಮೂವತ್ತೊಂದು ಮನೆಗಳಿವೆ. ಅದೇ ವರ್ಷದ ಆರಂಭದಲ್ಲಿ ಬೀದಿಯ ಉದ್ದ ನೂರ ಎಂಬತ್ತು ಗಜವಿತ್ತು. ಆಗಲೂ ಮನೆಗಳು ಮೂವತ್ತೊಂದೇ. ಈ ನಡುವೆ ಒಂದು ಮನೆಯನ್ನೂ ಕೆಡವಿಲ್ಲ, ಒಂದನ್ನೂ ಹೊಸದಾಗಿ ಕಟ್ಟಿಲ್ಲ. ಬೀದಿ ಬೆಳೆಯಲು ಕಾರಣ ಶಿವರತ್ನಮ್ಮನವರ ಮನೆಯ ತೊಲೆ.

ತೊಲೆ ಹಜಾರದ ಮೇಲಿತ್ತು. ಒಂದು ತುದಿ ಬೀದಿ ಕಡೆಯ ಗೋಡೆಯ ಮೇಲೆ, ಇನ್ನೊಂದು ತುದಿ ತೊಟ್ಟಿಯ ಕಂಬದ ಮೇಲೆ. ನಡುವೆ ತೊಟ್ಟಿಲು ತೂಗಲು ಎರಡು ಕಬ್ಬಿಣದ ಕೊಂಡಿ. ಶಿವರತ್ನಮ್ಮನವರ ಮಾವ ಅದನ್ನು ಹಾಕಿಸಿ ಮೂವತ್ತು ವರ್ಷವಾಗಿತ್ತು. ಮಗಳು ಪುಟ್ಟಮಲ್ಲಿ ಆ ಕೊಂಡಿಗಳಲ್ಲೇ ತೂಗಿ ಬೆಳೆದವಳು. ಅವಳನ್ನು ಹನೂರಿಗೆ ಕೊಟ್ಟಿದ್ದರು. ಈಗ ಚೊಚ್ಚಲ ಬಸುರಿ. ಶ್ರಾವಣದಲ್ಲಿ ದಿನ ತುಂಬುತ್ತಿತ್ತು. ಹೆರಿಗೆ ತವರಿನಲ್ಲಿ, ತೊಟ್ಟಿಲು ಆ ತೊಲೆಗೆ. ಇದರಲ್ಲಿ ಚರ್ಚೆಗೆ ಏನೂ ಇರಲಿಲ್ಲ.

ಸಂಕ್ರಾಂತಿ ಕಳೆದ ವಾರ ತೊಲೆಯಲ್ಲಿ ಬಿರುಕು ಕಂಡಿತು. ಶಿವರತ್ನಮ್ಮ ಏಣಿ ಹತ್ತಿ ಬಿರುಕಿನೊಳಗೆ ಕೈ ತೂರಿಸಿದರು; ನಾಲ್ಕು ಬೆರಳು ಒಳಹೋದವು. ಗಂಡ ಪುಟ್ಟಮಾದಪ್ಪ ಯಳಂದೂರಿನಲ್ಲಿ ಜವಳಿ ಅಂಗಡಿ ಇಟ್ಟುಕೊಂಡು ಅಲ್ಲೇ ಇರುತ್ತಿದ್ದರು. ಭಾನುವಾರ ಬಂದು, ತಲೆಯೆತ್ತಿ ನೋಡಿ, "ಬದಲಾಯಿಸ್ಬುಡು" ಎಂದು ಹೇಳಿ, ಸೋಮವಾರದ ಮೊದಲ ಬಸ್ಸಿಗೆ ಹೊರಟುಹೋದರು.

ತೊಲೆ ಬದಲಾಯಿಸಲು ಅಪ್ಪಣೆ ಬೇಕಿತ್ತು. ಅಪ್ಪಣೆ ಕೊಡುವವರಿಗೆ ಮನೆ ಎಷ್ಟು ಹಳೆಯದೆಂದು ತಿಳಿದಿರಬೇಕಿತ್ತು. ತಿಳಿದಿರಲಿಲ್ಲ. 1956ರ ನವೆಂಬರಿನಲ್ಲಿ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರಿಗೆ ಸೇರಿತ್ತು. ಊರು ಇದ್ದಲ್ಲೇ ಇತ್ತು; ಕಡತಗಳು ಮಾತ್ರ ಪ್ರಯಾಣ ಮಾಡಿದವು. ನಡುಬೀದಿಯ ಕಡತಗಳು ಮೂರು ಗೋಣಿಚೀಲಗಳಲ್ಲಿ ಬಂದು 'ಪುರಾತನ ವಸತಿ ಪರಿಶೀಲನಾ ಕಚೇರಿ'ಯನ್ನು ತಲುಪಿದವು. ಬಿಚ್ಚಿ ನೋಡಿದರೆ ಎಲ್ಲವೂ ತಮಿಳು. ಕಚೇರಿಯಲ್ಲಿ ಯಾರಿಗೂ ತಮಿಳು ಬರುತ್ತಿರಲಿಲ್ಲ. ಬೀದಿಯ ಅರ್ಧ ಜನಕ್ಕೆ ಬರುತ್ತಿತ್ತು. ಆದರೆ ಅವರು ಸಂಬಂಧಪಟ್ಟವರಾದ್ದರಿಂದ ಅವರಿಂದ ಓದಿಸುವುದು ನಿಯಮಕ್ಕೆ ವಿರುದ್ಧವಾಗಿತ್ತು. ಚೀಲಗಳ ಬಾಯನ್ನು ಮತ್ತೆ ಹೊಲಿದು, ಬೀದಿಯ ವಯಸ್ಸನ್ನು ಹೊಸದಾಗಿ ಕಂಡುಹಿಡಿಯತಕ್ಕದ್ದೆಂದು ಆದೇಶವಾಯಿತು.

ಕಂಡುಹಿಡಿಯಲು ಬಂದವರು ಪರಿಶೀಲಕ ಷಡಕ್ಷರಿ. ಮೈಸೂರಿನವರು, ಮೂವತ್ತು ದಾಟದ ವಯಸ್ಸು, ಕಿವಿಯ ಮೇಲೆ ನೇರಳೆ ಬಣ್ಣದ ಪೆನ್ಸಿಲು. ಒಳ್ಳೆಯ ಮನುಷ್ಯ. ಯಾರ ಮನೆಯಲ್ಲೂ ನೀರನ್ನು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಬೀದಿಯನ್ನು ಮೂರು ದಿನ ಮೇಲೂ ಕೆಳಗೂ ನಡೆದು ಅವರು ಹೀಗೆ ಬರೆದುಕೊಂಡರು: "ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಎರಡು ಮನೆಗೆ ಒಂದೇ ನಡುಗೋಡೆ. ಜಗಲಿ ಈ ತುದಿಯಿಂದ ಆ ತುದಿಗೆ ಒಂದೇ. ಬೀದಿಗಿಳಿಯದೆ ಹದಿನಾರು ಮನೆ ದಾಟಬಹುದು. ಮಣ್ಣಿನ ಗೋಡೆ, ನಾಡಹೆಂಚು, ಒಳಗೆ ತೊಟ್ಟಿ. ಕೆಲವು ಹಜಾರಗಳಲ್ಲಿ ಮಗ್ಗದ ಗುಂಡಿ. ಬಾಗಿಲುವಾಡಗಳು ಹನೂರು ಕಡೆಯ ಕಾಡಿನ ಹೊನ್ನೆ ಮರದವು, ಕೆತ್ತನೆ ಉಳ್ಳವು. ವಯಸ್ಸು: ಖಾಲಿ ಬಿಡಲಾಗಿದೆ."

ಖಾಲಿ ತುಂಬಲು ಅವರು ಶಿವರತ್ನಮ್ಮನವರ ಜಗಲಿಗೆ ಬಂದು ನಿಂತರು.

"ಈ ಮನೆ ಯಾವಾಗ ಕಟ್ಟಿದ್ದು, ಅಮ್ಮಾ?"

"ಯಾವ್ದು ಸಾ? ಗೋಡೆಯಾ, ಸೂರಾ?"

"ಮನೆ."

ಶಿವರತ್ನಮ್ಮ ತಲೆಬಾಗಿಲಿನತ್ತ ಕೈ ತೋರಿಸಿದರು. "ಅದು ನಿಂತಾಗ."

ನಡುಬೀದಿಯಲ್ಲಿ ಮನೆ ಕಟ್ಟುವ ಕ್ರಮವೇ ಹಾಗೆ. ಬಯಲಿನಲ್ಲಿ ಮೊದಲು ಬಾಗಿಲುವಾಡವನ್ನು ನಿಲ್ಲಿಸಿ, ಅರಿಸಿನ ಬಳಿದು, ಪೂಜೆ ಮಾಡಿ, ಆಮೇಲೆ ಅದರ ಎಡಬಲಕ್ಕೆ ಗೋಡೆ ಎಬ್ಬಿಸುತ್ತಾರೆ. ಗೋಡೆ ಮಳೆಗೆ ಕರಗುತ್ತದೆ, ಮತ್ತೆ ಎಬ್ಬಿಸುತ್ತಾರೆ. ಹೆಂಚು ಹೋಗುತ್ತದೆ, ಬೇರೆ ಬರುತ್ತದೆ. ಬಾಗಿಲುವಾಡ ಮಾತ್ರ ಬದಲಾಗುವುದಿಲ್ಲ. ಅದು ನಿಂತಿರುವವರೆಗೆ ಮನೆ ಬಿತ್ತೆಂದು ಯಾರೂ ಹೇಳುವುದಿಲ್ಲ. ಷಡಕ್ಷರಿ ಮೂವತ್ತೊಂದು ಮನೆಗಳಲ್ಲಿ ಇದೇ ಪ್ರಶ್ನೆ ಕೇಳಿದರು; ಮೂವತ್ತೊಂದು ಕೈಗಳು ಬಾಗಿಲನ್ನು ತೋರಿಸಿದವು. ಮೂವತ್ತೊಂದು ಸಲ ಒಂದೇ ಉತ್ತರ ಬಂದರೆ ಅದು ಅಭಿಪ್ರಾಯವಲ್ಲ, ನಿಯಮ. ಅವರು ನಿಯಮ ಬರೆದರು:

"ನಿಯಮ 4. ಮನೆ ಎಂದರೆ ತಲೆಬಾಗಿಲಿನ ಬಾಗಿಲುವಾಡ. ಗೋಡೆ, ಸೂರು, ನೆಲ ಹಾಗೂ ನಿವಾಸಿಗಳು ಅದಕ್ಕೆ ಸೇರಿದ ಅನುಬಂಧ."

"ನಿಯಮ 5. ಬಾಗಿಲುವಾಡದ ವಯಸ್ಸೇ ಅನುಬಂಧದ ವಯಸ್ಸು."

ಇನ್ನು ಬಾಗಿಲುವಾಡದ ವಯಸ್ಸು. ಒಂದು ಮನೆಯ ಬಾಗಿಲುವಾಡದ ಮೇಲೆ ಮಾತ್ರ 1863 ಎಂದು ಕೆತ್ತಿತ್ತು. ಅದರ ಹೊಸ್ತಿಲು ನಡುವೆ ನಾಲ್ಕು ನೂಲು ಸವೆದಿತ್ತು. ಒಂದು ನೂಲೆಂದರೆ ಅಂಗುಲದ ಎಂಟನೆಯ ಒಂದು ಭಾಗ. ನೂರು ವರ್ಷಕ್ಕೆ ನಾಲ್ಕು ನೂಲಾದರೆ ಒಂದು ನೂಲಿಗೆ ಇಪ್ಪತ್ತೈದು ವರ್ಷ. ಷಡಕ್ಷರಿ ಉಳಿದ ಮೂವತ್ತು ಹೊಸ್ತಿಲುಗಳ ಮೇಲೆ ಕೋಲಿಟ್ಟು ಅಳೆದರು.

ಲೆಕ್ಕ ಸರಿಯಾಗಿತ್ತು. ಒಂದೇ ಒಂದು ವಿಷಯ ಅದರಲ್ಲಿ ಸೇರಿರಲಿಲ್ಲ. ಆ ಬೀದಿಯಲ್ಲಿ ಹೊಸ್ತಿಲನ್ನು ಯಾರೂ ತುಳಿಯುವುದಿಲ್ಲ, ದಾಟುತ್ತಾರೆ. ಹೊಸ್ತಿಲು ಸವೆಯುವುದು ತೊಳೆಯುವುದರಿಂದ. ಹೀಗಾಗಿ ಹೆಚ್ಚು ಉಜ್ಜಿದ ಮನೆ ಹೆಚ್ಚು ಹಳೆಯದೆಂದು ದಾಖಲಾಯಿತು.

ಶಿವರತ್ನಮ್ಮನವರ ಅತ್ತೆ ತೆಂಗಿನ ನಾರು ಹಿಡಿದು ಕೂತರೆ ಏಳುವವರಲ್ಲ. ಏಳನೇ ನಂಬರು ಮನೆಯ ಹೊಸ್ತಿಲು ಎಂಟೂವರೆ ನೂಲು ಸವೆದಿತ್ತು. ವಯಸ್ಸು: ಇನ್ನೂರ ಹನ್ನೆರಡು ವರ್ಷ. ಪಕ್ಕದ ಎಂಟನೇ ನಂಬರು ಶಿವರತ್ನಮ್ಮನವರ ವರಸೆಯಲ್ಲಿ ಬಾವನಾದ ಕೆಂಪನಂಜಪ್ಪನವರದು. ಎರಡು ಮನೆಗಳ ಬಾಗಿಲುವಾಡಗಳೂ ಒಂದೇ ಮರದಿಂದ, ಒಂದೇ ದಿನ, ಒಬ್ಬನೇ ಆಚಾರಿ ಮಾಡಿದವು. ಅಣ್ಣತಮ್ಮಂದಿರ ಪಾಲಿನಲ್ಲಿ ಒಂದೊಂದು ಬಂದಿತ್ತು. ಎಂಟನೇ ನಂಬರಿನ ಹೊಸ್ತಿಲು ಒಂದೂವರೆ ನೂಲು ಸವೆದಿತ್ತು. ವಯಸ್ಸು: ಮೂವತ್ತೇಳು.

"ನಂಗೇ ಐವತ್ತೆಂಟು ಸಾ," ಎಂದರು ಕೆಂಪನಂಜಪ್ಪ. "ನಾನು ಈ ಮನೇಲೇ ಉಟ್ಟಿದ್ದು."

"ನಿಯಮ 5ರ ಪ್ರಕಾರ ನಿವಾಸಿಗಳ ವಯಸ್ಸೂ ಮೂವತ್ತೇಳೇ," ಎಂದರು ಷಡಕ್ಷರಿ.

ಕೆಂಪನಂಜಪ್ಪನವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಕಂಡದ್ದು ಅವರ ಹೆಂಡತಿ ಮಹಾಲಕ್ಷ್ಮಮ್ಮನವರಿಗೆ. "ಅಂದ್ರೆ ನಮ್ಮನೇಲಿ ಒಸ್ಲು ತೊಳೆಯಕಿಲ್ಲ ಅಂತ ಸರ್ಕಾರದ ಪುಸ್ತಕದಲ್ಲಿ ಬರ್ಕಂಡ್ರಾ?" ಎಂದು ಅವರು ಒಳಗಿನಿಂದಲೇ ಕೇಳಿದರು. ಅದಕ್ಕೆ ಕಾಲಂ ಇರಲಿಲ್ಲ.

ಏಳನೇ ನಂಬರಿನಲ್ಲಿ ಎರಡು ವರ್ಷದ ಹಿಂದೆ ಕಟ್ಟಿಸಿದ ಬಚ್ಚಲು, ಕಳೆದ ದೀಪಾವಳಿಗೆ ಹಾಕಿಸಿದ ಎಲೆಕ್ಟ್ರಿಕ್ ಬಲ್ಬು ಎರಡೂ ಇನ್ನೂರ ಹನ್ನೆರಡು ವರ್ಷ ಹಳೆಯವೆಂದು ನಮೂದಾದವು. ಶಿವರತ್ನಮ್ಮನವರ ವಯಸ್ಸನ್ನು ಮಾತ್ರ, ಅವರ ಒತ್ತಾಯದ ಮೇರೆಗೆ, ನಲವತ್ತೆರಡೆಂದು ಪ್ರತ್ಯೇಕ ಹಾಳೆಯಲ್ಲಿ ಬರೆಯಲಾಯಿತು.

"ಸಂತೋಷ ಸಾ," ಎಂದರು ಶಿವರತ್ನಮ್ಮ. "ತೊಲೆ ಬದಲಾಯಿಸ್ಲಾ?"

"ಆಗೋದಿಲ್ಲ ಅಮ್ಮಾ. ನೂರು ವರ್ಷ ದಾಟಿದ ಮನೆಯಲ್ಲಿ ಒಂದು ಮೊಳೆಯನ್ನೂ ಕೀಳುವಂತಿಲ್ಲ. ಆ ತೊಲೆ ಇನ್ನೂರ ಹನ್ನೆರಡು ವರ್ಷದ್ದು."

"ನಮ್ಮಾವ ಆಕ್ಸಿದ್ದು ಸಾ. ಮೂವತ್ತೊರ್ಸ ಆಗದೆ."

"ನಿಮ್ಮ ಮಾವನವರೂ ಅನುಬಂಧ."

"ಅದು ಬಿರುಕು ಬುಟ್ಟದಲ್ಲ ಸಾ. ಕೂಸಿನ್ ತೊಟ್ಲು ಎಲ್ಲಿಗೆ ಕಟ್ಲಿ?"

ಷಡಕ್ಷರಿ ಏಣಿ ತರಿಸಿ ಬಿರುಕನ್ನು ನೋಡಿದರು. ಅವರ ಮುಖದಲ್ಲಿ ನಿಜವಾದ ಮರುಕವಿತ್ತು. "ಬಿರುಕೂ ಇನ್ನೂರ ಹನ್ನೆರಡು ವರ್ಷದ್ದೇ, ಅಮ್ಮಾ. ಅದನ್ನೂ ಕಾಪಾಡಬೇಕು," ಎಂದು ಹೇಳಿ ಕೆಳಗಿಳಿದರು.

ಯುಗಾದಿಯ ಹೊತ್ತಿಗೆ ಎಂಟನೇ ನಂಬರಿಗೆ ಬೇರೆ ಕಷ್ಟ ಬಂತು. ಬಸ್ಸು ತಿರುಗಲೆಂದು ರಸ್ತೆ ಅಗಲ ಮಾಡುವ ಸಮಿತಿಯೊಂದು ಏರ್ಪಟ್ಟು, ನೂರು ವರ್ಷ ತುಂಬದ ಮನೆಗಳ ಮುಂಭಾಗದಲ್ಲಿ ಹತ್ತು ಅಡಿ ಬಿಡತಕ್ಕದ್ದೆಂದು ಸಾರಿತು. ಬೀದಿಯಲ್ಲಿ ಕಡಿಮೆ ತೊಳೆದ ಒಂಬತ್ತು ಮನೆಗಳಿಗೆ ನೋಟೀಸು ಬಂತು. ಕೆಂಪನಂಜಪ್ಪ ತಮ್ಮ ಜಗಲಿಯ ಮೇಲೆ ಕೂತು ಹತ್ತು ಅಡಿ ಎಲ್ಲಿಗೆ ಬರುತ್ತದೆಂದು ಕಣ್ಣಿನಲ್ಲೇ ಅಳೆದರು. ದೇವರ ಗೂಡಿನವರೆಗೆ ಬಂತು. ಅವರು ಎದ್ದು, ಜಗಲಿಯ ಮೇಲೇ ಹತ್ತು ಹೆಜ್ಜೆ ನಡೆದು, ಪಕ್ಕದ ಮನೆಯ ಮುಂದೆ ನಿಂತರು.

"ಏನವ್ವ ರತ್ನಮ್ಮ, ನಿಂಗೆ ಮನೆ ಅಳೇದಾಗಿ ಕಷ್ಟ. ನಂಗೆ ಒಸದಾಗಿ ಕಷ್ಟ."

"ಅಂಗಾರೆ ಏನ್ ಮಾಡನ ಬಾವ?"

"ಬಾಗ್ಲು ಅದ್ಲುಬದ್ಲು ಮಾಡ್ಕಳನ. ಎರಡೂ ಒಂದೇ ಅಳ್ತ ಅಲ್ವಾ."

"ಅತ್ತೆ ಉಜ್ಜಿದ್ ಒಸ್ಲು ಬಾವ, ನಿಮ್ಗೆ ಪುಗಸಟ್ಟೆ ಓಯ್ತದೆ," ಎಂದರು ಶಿವರತ್ನಮ್ಮ. ಆಮೇಲೆ ತಲೆಯೆತ್ತಿ ತೊಲೆ ನೋಡಿದರು. "ಆಚಾರಿ ಕರೀರಿ."

ಬಡಗಿ ಮುತ್ತಯ್ಯ ಆಚಾರಿ ಸೋಮವಾರ ಬೆಳಗ್ಗೆ ಬಂದು ಮಧ್ಯಾಹ್ನದ ಊಟಕ್ಕೆ ಮುಂಚೆ ಕೆಲಸ ಮುಗಿಸಿದರು. ಕದ, ಚಿಲಕ, ತಗಡಿನ ನಂಬರು, ಮೇಲಿನ ಮಾವಿನ ಸೊಪ್ಪು ಎಲ್ಲವೂ ಬಾಗಿಲುವಾಡದ ಜೊತೆಗೇ ಹೋದವು. ಬೀದಿಯವರು ಜಗಲಿಯ ಮೇಲೆ ಕೂತು ನೋಡಿದರು. ಷಡಕ್ಷರಿಯೂ ನೋಡಿದರು. ಅವರು ಆಕ್ಷೇಪಿಸುತ್ತಾರೆಂದು ಎಲ್ಲರೂ ಕಾದರು. ಅವರು ಪೆನ್ಸಿಲು ತೆಗೆದು ಹೀಗೆ ಬರೆದರು: "ಇಂದು ಏಳನೇ ನಂಬರು ಮನೆ ಹತ್ತು ಗಜ ದಕ್ಷಿಣಕ್ಕೂ, ಎಂಟನೇ ನಂಬರು ಮನೆ ಹತ್ತು ಗಜ ಉತ್ತರಕ್ಕೂ ಹೋಗಿವೆ. ಎರಡೂ ಸುಸ್ಥಿತಿಯಲ್ಲಿವೆ."

ಈಗ ಕೆಂಪನಂಜಪ್ಪ ಇನ್ನೂರ ಹನ್ನೆರಡು ವರ್ಷದ ಏಳನೇ ನಂಬರಿನಲ್ಲಿದ್ದರು. ಜಗಲಿ ಉಳಿಯಿತು. ಆದರೆ ಮೊದಲ ಮಳೆಗೆ ಒಂದು ಹೆಂಚು ಜಾರಿತು, ಅದನ್ನು ಸರಿಮಾಡುವಂತಿರಲಿಲ್ಲ. ಅವರು ಊಟಕ್ಕೆ ಕೂತಾಗ ಮಹಾಲಕ್ಷ್ಮಮ್ಮ ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಸಾರು ಬಡಿಸಿದರು.

ಶಿವರತ್ನಮ್ಮ ಮೂವತ್ತೇಳು ವರ್ಷದ ಎಂಟನೇ ನಂಬರಿನಲ್ಲಿದ್ದರು. ತೊಲೆಗೆ ಅಪ್ಪಣೆ ಮಾರನೆಯ ದಿನವೇ ಸಿಕ್ಕಿತು. ಅದರ ಹಿಂದೆಯೇ ಸಮಿತಿಯವರು ಹಗ್ಗ ಹಿಡಿದು ಬಂದು, ಹತ್ತು ಅಡಿ ಅಳೆದು, ಹಜಾರದ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಶ್ರಾವಣಕ್ಕೆ ಮುಂಚೆ ಕೆಡವಲಾಗುವುದೆಂದು ಹೇಳಿಹೋದರು. ಬೀದಿ ಕಡೆಯ ಗೋಡೆ ಗೆರೆಯ ಆಚೆಗೆ, ಕೆಡವುವ ಪಾಲಿನಲ್ಲಿತ್ತು. ಹೊಸ ತೊಲೆಯ ಒಂದು ತುದಿ ಕೂರಬೇಕಾದ್ದು ಆ ಗೋಡೆಯ ಮೇಲೆ.

"ತೊಲೆಗೆ ಎರಡು ತುದಿ ಬೇಕು ಕಣಕ್ಕ," ಎಂದರು ಮುತ್ತಯ್ಯ ಆಚಾರಿ. "ಒಂದೇ ತುದಿ ಮೇಲೆ ನಿಲ್ಸೋ ಇದ್ಯೆ ನಮ್ಮಪ್ಪ ಕಲಿಸ್ನಿಲ್ಲ."

ಅಷ್ಟರಲ್ಲಿ ಪುಟ್ಟಮಲ್ಲಿ ಹನೂರಿನಿಂದ ಬಂದಿಳಿದಳು. ಏಳು ತಿಂಗಳು ತುಂಬಿತ್ತು. ಅವಳು ಬಿರುಕು ಬಿಟ್ಟ ತೊಲೆಯನ್ನೂ ಕಾಲಡಿಯ ಸುಣ್ಣದ ಗೆರೆಯನ್ನೂ ನೋಡಿ, "ಅವ್ವಾ, ನಾನು ಯಾವ್ ಕಡೆ ಮಲಿಕ್ಕಳ್ಲಿ?" ಎಂದು ಕೇಳಿದಳು.

ಶಿವರತ್ನಮ್ಮ ಸೂರಿನ ಸಂದಿಗೆ ಕೈ ಹಾಕಿದರು. ಕಚೇರಿಯವರು ಮನೆಮನೆಗೂ ಹಂಚಿದ್ದ ನಿಯಮದ ಹಾಳೆಯನ್ನು ತೆಗೆದು, ತೊಟ್ಟಿಯ ಬೆಳಕಿಗೆ ಹಿಡಿದು, ಮೊದಲಿನಿಂದ ಕೊನೆಯವರೆಗೆ ಓದಿದರು. ನಿಯಮ 4ನ್ನು ಎರಡು ಸಲ ಓದಿದರು. ಆಮೇಲೆ ಕೊನೆಯ ಸಾಲು: "ನೋಟೀಸನ್ನು ಬಾಗಿಲುವಾಡದ ಬಲಗಂಬಕ್ಕೆ ಅಂಟಿಸತಕ್ಕದ್ದು, ಬೇರೆಡೆ ಅಂಟಿಸಿದ್ದು ನೋಟೀಸಲ್ಲ."

"ಮುತ್ತಯ್ಯ, ಬಾಗ್ಲು ಕಿತ್ತಾಕು," ಎಂದರು.

"ಮತ್ತ್ಯಾರ್ಗಕ್ಕ ಕೊಡದು?"

"ಯಾರ್ಗೂ ಇಲ್ಲ. ಯಳಂದೂರ್ಗೆ ಕಳ್ಸು. ಅವರ ಅಂಗ್ಡೀಲಿ ಇರ್ಲಿ."

ಎಂಟನೇ ನಂಬರಿನ ಬಾಗಿಲುವಾಡ ಎತ್ತಿನ ಗಾಡಿಯಲ್ಲಿ ಯಳಂದೂರಿಗೆ ಹೋಯಿತು. ಪುಟ್ಟಮಾದಪ್ಪ ಅದನ್ನು ಅಂಗಡಿಯ ಹಿಂಗೋಡೆಗೆ ಒರಗಿಸಿ, ಎರಡು ಕಂಬಗಳ ನಡುವೆ ಪಂಚೆಗಳನ್ನು ಜೋಡಿಸಿದರು. ಯಾಕೆಂದು ಕೇಳಲಿಲ್ಲ. ಇಲ್ಲಿ, ತೆರಪಾದ ಕಡೆ ಶಿವರತ್ನಮ್ಮ ಒಂದು ಗೋಣಿತಾಟು ಇಳಿಬಿಟ್ಟರು. ಮಾರನೆಯ ದಿನ ಸಮಿತಿಯ ಗುಮಾಸ್ತ ಕೆಡವುವ ನೋಟೀಸು, ಅಂಟಿನ ಡಬ್ಬ ಹಿಡಿದು ಬಂದ; ಹಿಂದೆ ಷಡಕ್ಷರಿ.

"ಎಂಟನೇ ನಂಬರು ಮನೆ ಎಲ್ಲಿ?" ಎಂದು ಗುಮಾಸ್ತ ಕೇಳಿದ.

"ಯಳಂದೂರಲ್ಲಿ ಅದೆ ಸಾ," ಎಂದಿತು ಗೋಣಿತಾಟಿನ ಹಿಂದಿನ ದನಿ.

"ಹಾಗಾದರೆ ಇದೇನು?"

"ಇದು ಜಾಗ."

"ನೀವೆಲ್ಲಿದ್ದೀರಿ?"

"ನಾನು ಅನುಬಂಧ ಸಾ. ಮನೆ ಎಲ್ಲೋ ನಾನೂ ಅಲ್ಲೇ."

ಗುಮಾಸ್ತ ಷಡಕ್ಷರಿಯವರನ್ನು ನೋಡಿದ. ಷಡಕ್ಷರಿ ನಿಯಮದ ಹಾಳೆ ಬಿಡಿಸಿ ಓದಿ, ಮಡಿಸಿ ಜೇಬಿನಲ್ಲಿಟ್ಟು, "ಅವರು ಹೇಳುವುದು ಸರಿ. ಅವರು ಇಲ್ಲಿಲ್ಲ," ಎಂದರು.

ಅದೇ ದಿನ ಅವರು ಯಳಂದೂರಿಗೆ ಹೋಗಿ, ಪಂಚೆಗಳನ್ನು ಸರಿಸಿ, ಮನೆಯನ್ನು ಪರೀಕ್ಷಿಸಿದರು. "ಎಂಟನೇ ನಂಬರು ಮನೆ ಯಳಂದೂರಿಗೆ ಹೋಗಿದೆ. ಸುಸ್ಥಿತಿಯಲ್ಲಿದೆ. ಒಣಗಿದೆ. ಇದರಿಂದ ನಡುಬೀದಿ ಹತ್ತು ಮೈಲಿ ಉದ್ದವಾಗಿದೆ." ಸಮಿತಿ ಕೊಳ್ಳೇಗಾಲದ ಖಾಲಿ ಜಾಗವನ್ನಾದರೂ ತೆಗೆದುಕೊಳ್ಳೋಣವೆಂದು ಖಾಲಿ ಜಾಗಗಳ ಕಚೇರಿಗೆ ಬರೆಯಿತು. ಸೂರಿನ ಕೆಳಗಿರುವ ಜಾಗವನ್ನು ಖಾಲಿ ಎನ್ನಲಾಗದೆಂದು ಉತ್ತರ ಬಂತು. ಸೂರು ಯಾವ ಮನೆಯದೆಂದು ಸಮಿತಿ ಕೇಳಿತು. ಆ ಪತ್ರಕ್ಕೆ ಉತ್ತರ ತಯಾರಾಗುತ್ತಿದೆ.

ಮನೆಯೇ ಇಲ್ಲದ ಕಡೆ ತೊಲೆ ಬದಲಾಯಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮುತ್ತಯ್ಯ ಆಚಾರಿ ನಾಲ್ಕೇ ದಿನದಲ್ಲಿ ಹಳೆಯ ತೊಲೆ ಇಳಿಸಿ ಹೊಸದನ್ನು ಏರಿಸಿದರು. ಬೀದಿ ಕಡೆಯ ಗೋಡೆ ಒಂದು ತುದಿಯನ್ನು ಹೊತ್ತುಕೊಂಡಿತು. ಹಳೆಯ ಕೊಂಡಿಗಳನ್ನೇ ಹೊಡೆದು ಕೂರಿಸಿ, ಆಚಾರಿ ಅವುಗಳಿಗೆ ಜೋತುಬಿದ್ದು ಎರಡು ಸಲ ಜೀಕಿ ನೋಡಿದರು. "ಅವಳಿ ಜವಳಿ ಉಟ್ಟರೂ ತಡೀತದೆ ಕಣಕ್ಕ," ಎಂದರು.

ಇದನ್ನು ಕೆಂಪನಂಜಪ್ಪ ಕೊಡೆಯ ಕೆಳಗಿಂದ ನೋಡಿದರು. ಆ ವಾರ ಅವರ ಬಾಗಿಲುವಾಡ ಹನೂರಿನ ನೆಂಟರ ಕೊಟ್ಟಿಗೆಗೆ ಹೋಯಿತು, ಹೆಂಚು ಬಂತು. ಆಮೇಲೆ ಉಳಿದವರು ತಡಮಾಡಲಿಲ್ಲ. ಹೊಸ ಮನೆಗಳು ನೋಟೀಸಿಗೆ ಹೆದರಿ ಹೊರಟವು. ಹಳೆಯ ಮನೆಗಳು ಸೋರಿಕೆಗೆ ಹೆದರಿ ಹೊರಟವು. ನಾಲ್ಕು ಮನೆ ಹೂಗ್ಯಂನ ಕಣಗಳಿಗೆ ಹೋದವು. ಗೋಪಿನಾಥಂಗೆ ಬಸ್ಸು ಕಡಿಮೆಯಿದ್ದು ಅಧಿಕಾರಿಗಳು ಅಷ್ಟು ದೂರ ಬರಲಾರರೆಂದು ಅಲ್ಲಿಗೆ ಬೇಡಿಕೆ ಹೆಚ್ಚಿತ್ತು. ಹನ್ನೊಂದು ಮನೆ ಅಲ್ಲಿ ಹುಣಸೆ ಮರಕ್ಕೆ ಸಾಲಾಗಿ ಒರಗಿದವು; ಯಳಂದೂರಿನಿಂದ ಅಲ್ಲಿಯವರೆಗೆ ಬೀದಿ ಎಪ್ಪತ್ತು ಮೈಲಿಯಾಯಿತು. ಮೂವತ್ತೊಂದು ಗೋಣಿತಾಟುಗಳ ಕೊಳ್ಳೇಗಾಲದ ಜಾಗದಲ್ಲಿ ಜನ ಎಂದಿನಂತೆ ಏಳುತ್ತ, ಉಣ್ಣುತ್ತ, ಮಗ್ಗ ಆಡಿಸುತ್ತ, ಅಧಿಕೃತವಾಗಿ ಬೇರೆ ಊರುಗಳಲ್ಲಿದ್ದರು. ಬಾಗಿಲಿಲ್ಲದೆ ಕಳ್ಳರ ಭಯವಿಲ್ಲವೇ ಎಂದು ಒಬ್ಬರು ಕೇಳಿದ್ದುಂಟು. ಮನೆಯೇ ಇಲ್ಲದ ಮೇಲೆ ಮನೆಗಳ್ಳತನ ಹೇಗಾಗುತ್ತದೆಂದು ಷಡಕ್ಷರಿ ಸಮಾಧಾನ ಹೇಳಿದರು. ಕಳ್ಳರಿಗೂ ಇದು ತಿಳಿದಿದ್ದಿರಬೇಕು, ಯಾರೂ ಬರಲಿಲ್ಲ.

ಶ್ರಾವಣದ ಎರಡನೆಯ ಶುಕ್ರವಾರ ಪುಟ್ಟಮಲ್ಲಿ ಹಜಾರದ ಪಕ್ಕದ ಕೋಣೆಯಲ್ಲಿ ಹೆಣ್ಣುಮಗು ಹೆತ್ತಳು. ಸೂಲಗಿತ್ತಿ ರಂಗಮ್ಮ ಜನನದ ಹಾಳೆಗೆ ಹೆಬ್ಬೆಟ್ಟು ಒತ್ತಲು ಕಚೇರಿಗೆ ಹೋದರು; ನಿವಾಸಿಗಳು ಅನುಬಂಧವಾದ್ದರಿಂದ ಜನನವೂ ಷಡಕ್ಷರಿಯವರ ಪುಸ್ತಕಕ್ಕೇ ಸೇರುತ್ತಿತ್ತು.

"ಮಗು ಹುಟ್ಟಿದ ಮನೆ?" ಎಂದು ಷಡಕ್ಷರಿ ಕೇಳಿದರು.

"ಶಿವರತ್ನಮ್ಮಾರ್ದು ಸಾ. ಇಲ್ಲೇ ನಡುಬೀದೀಲಿ."

"ಹಾಗಾದರೆ ಯಳಂದೂರು." ಅವರು ಬರೆದುಕೊಂಡರು. "ಹೆರಿಗೆ ಕಾಲದಲ್ಲಿ ಮನೆಯಲ್ಲಿದ್ದವರು: ಅಜ್ಜ ಪುಟ್ಟಮಾದಪ್ಪ."

"ಅವರೆಲ್ಲಿ ಇದ್ರು ಸಾ? ನಾನಲ್ವಾ ಇದ್ದೋಳು!"

"ನೀವು ಯಳಂದೂರಿನಲ್ಲಿದ್ದಿರಾ?"

ರಂಗಮ್ಮ ಯೋಚಿಸಿದರು. ನಲವತ್ತು ವರ್ಷದ ಕಸುಬಿನಲ್ಲಿ ಅವರು ಹೆತ್ತವಳ ಜೊತೆಗಿರದೆ ಯಾವ ಹೆರಿಗೆಯನ್ನೂ ಮಾಡಿಸಿರಲಿಲ್ಲ. "ಇದ್ದೆ ಅಂತ್ಲೇ ಬರ್ಕಳಿ," ಎಂದು ಹೆಬ್ಬೆಟ್ಟು ಒತ್ತಿದರು. "ಅದ್ಕೇ ನೋಡಿ, ಬೆಳಗ್ಗಿಂದ ಕಾಲು ಇಷ್ಟು ನೋಯ್ತಾ ಅದೆ."

ತೊಟ್ಟಿಲ ಶಾಸ್ತ್ರಕ್ಕೆ ಶಿವರತ್ನಮ್ಮ ಎಲ್ಲರನ್ನೂ ಕರೆದರು. ಮಗುವನ್ನು ತೊಟ್ಟಿಲಿಗೆ ಹಾಕುವ ಮುಂಚೆ ಹೊಸ್ತಿಲ ಪೂಜೆ ಆಗಬೇಕು. ಆದ್ದರಿಂದ ಯಳಂದೂರಿನಲ್ಲಿ ಪುಟ್ಟಮಾದಪ್ಪ ಗಿರಾಕಿಗಳನ್ನು ಹೊರಗೆ ನಿಲ್ಲಿಸಿ, ಪಂಚೆಗಳನ್ನು ತೆಗೆದು, ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟು, ಬಸ್ಸಿನ ಕಂಡಕ್ಟರನ ಕೈಲಿ "ಆಯ್ತು" ಎಂದು ಹೇಳಿಕಳಿಸಿದರು. ಬಸ್ಸು ಬಂದ ಮೇಲೆ ಇಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿದರು.

ಷಡಕ್ಷರಿ ಬಂದಾಗ ಎರಡನೆಯ ಪಂಕ್ತಿ ಏಳುತ್ತಿತ್ತು. ಅವರು ಗೋಣಿತಾಟು ಸರಿಸಿ ಒಳಗೆ ಬಂದು ಬೆವರು ಒರೆಸಿಕೊಂಡರು.

"ಯಾಕ್ ಸಾ ಇಷ್ಟೊತ್ತು?"

"ಯಳಂದೂರಿಗೆ ಹೋಗಿದ್ದೆ ಅಮ್ಮಾ. ಬಾಗಿಲು ದಾಟದೆ ಮನೆಗೆ ಬರೋದು ಹೇಗೆ? ಬಲಗಾಲಿಟ್ಟೇ ದಾಟಿ ಬಂದೆ."

"ಬಿಸಿಲಲ್ಲಿ ಅಷ್ಟು ದೂರ!" ಎಂದು ಶಿವರತ್ನಮ್ಮ ಪಾನಕ ತಂದರು. ಪಕ್ಕದಲ್ಲಿ ಕೂತಿದ್ದ ಕೆಂಪನಂಜಪ್ಪ ತಲೆದೂಗಿದರು. "ನಿಮ್ದು ವಾಸಿ ಸಾ. ನಮ್ಮನೇಗೆ ಬರೋರು ಹನೂರ್ಗೆ ಓಗ್ಬೇಕು."

ಪಾನಕ ಮುಗಿಸಿ ಷಡಕ್ಷರಿ ತೊಟ್ಟಿಲ ಬಳಿ ಹೋದರು. ಮಗು ಮುಷ್ಟಿ ಕಟ್ಟಿಕೊಂಡು ನಿದ್ದೆ ಮಾಡುತ್ತಿತ್ತು. ಅವರು ಒಂದು ಬೆರಳಿನಿಂದ ತೂಗಿದರು. ಹಗ್ಗದ ಗುಂಟ ಅವರ ಕಣ್ಣು ಮೇಲೆ ಹೋಯಿತು. ಕೊಂಡಿಯವರೆಗೆ, ಅಲ್ಲಿಂದ ಹೊಸ ಹೊನ್ನೆ ಮರದವರೆಗೆ.

"ಅಮ್ಮಾ, ಈ ತೊಲೆ ಯಾವಾಗಿನದು?"

ಇನ್ನೂ ಉಣ್ಣುತ್ತಿದ್ದ ಮುತ್ತಯ್ಯ ಆಚಾರಿ ಎಲೆಯ ಮೇಲೆ ಬೆರಳನ್ನು ಹಾಗೇ ನಿಲ್ಲಿಸಿದರು.

ಶಿವರತ್ನಮ್ಮ ತಲೆಯೆತ್ತಿ ನೋಡಿ, ತಲೆ ತಗ್ಗಿಸಿದರು. "ಯಾವ ತೊಲೆ ಸಾ? ಈ ಜಾಗ್ದಲ್ಲಿ ಮನೇನೇ ಇಲ್ವಲ್ಲ."

ಷಡಕ್ಷರಿ ಒಪ್ಪಿದರು. ಕಿವಿಯ ಮೇಲಿನ ಪೆನ್ಸಿಲು ತೆಗೆದು, ಮಗು ಏಳದ ಹಾಗೆ ಮೆಲ್ಲಗೆ ಬರೆದರು: "ತೊಟ್ಟಿಲು, ಒಂದು. ತೂಗುಹಾಕಿದ ಆಧಾರ: ಇಲ್ಲ. ಸ್ಥಿತಿ: ಉತ್ತಮ."

ಆಮೇಲೆ ಮೂರನೆಯ ಪಂಕ್ತಿಗೆ ಎಲೆ ಹಾಕಿದರು. ಎಲ್ಲರೂ ಕೂತರು.